ಸತ್ತವನು ತೋರಿಸಿದ ಊರು

ನವೆಂಬರ್ ೪, ಮಂಗಳವಾರ

ನಮ್ಮ ತೊಲೇದೊ ಊರಿನಲ್ಲಿ ಎರಡು ದೊಡ್ಡ ಸದ್ದುಗಳಿದ್ದವು. ಒಂದು ದೊಡ್ಡ ಇಗರ್ಜಿಯ ದಪ್ಪ ಗಂಟೆ. ಅದು ಬಿರುಕು ಬಿಟ್ಟದ್ದು ನಮ್ಮಜ್ಜನ ಕಾಲಕ್ಕೂ ಹಿಂದಿನ ಮಾತು. ಇನ್ನೊಂದು ನನ್ನ ಗಂಟಲು. ಇವತ್ತಿಗೆ ಅದರ ಕಥೆಯೂ ಮುಗಿಯಿತು.

ಒಳಗೆ ಕಡಲೆಕಾಳಿನಷ್ಟು ಗಂಟು ಬೆಳೆದಿತ್ತು. ಡಾಕ್ಟರಮ್ಮ ಕತ್ತರಿಸಿ ತೆಗೆದಳು. ಕೆಟ್ಟದ್ದಲ್ಲ, ಹೆದರಬೇಡ ಎಂದಳು. ಆದರೆ ಈ ತಿಂಗಳು ಮುಗಿಯುವ ತನಕ ಮಾತಾಡಕೂಡದು, ಪಿಸುಗುಟ್ಟಲೂ ಕೂಡದು, ಆಡಿದರೆ ದನಿ ಮತ್ತೆ ಬಾರದೆ ಹೋದೀತು ಎಂದಳು. ನಾನು ಒಂದು ಚೀಟಿಯಲ್ಲಿ ‘ನಿಂಬೆಹಣ್ಣಿನಷ್ಟು ಗಂಟು’ ಎಂದು ಬರೆದು ಬೀದಿಯವರಿಗೆಲ್ಲ ತೋರಿಸಿಕೊಂಡು ಬಂದೆ. ಕಡಲೆಕಾಳಿಗೆ ಯಾರು ಮರುಗುತ್ತಾರೆ?

ಅಕ್ಕನ ಮಗಳು ರೆಮೆದಿಯೊಸ್ ನಡೆಸುವ ಊಟದಂಗಡಿಯ ಬಾಗಿಲಲ್ಲಿ ನಿಂತು ಪ್ರವಾಸಿಗಳನ್ನು ಒಳಗೆ ಕರೆಯುವುದು ನನ್ನ ಕೆಲಸ. ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿ ದಾಟದ ನಾನು ಎಂತೆಂಥ ಪ್ರೊಫೆಸರುಗಳನ್ನು ಬರೀ ಬಾಯಿಮಾತಿನಲ್ಲಿ ಮೇಜಿನ ತನಕ ಎಳೆದು ತಂದಿದ್ದೇನೆ. ನಮ್ಮೂರಿನ ಬಾದಾಮಿ ಮಿಠಾಯಿ ಮಾಸಪಾನ್‌ಗೆ ನನ್ನ ಹತ್ತಿರ ಮೂರು ಹುಟ್ಟುಕಥೆಗಳಿವೆ. ಮೊರೊಕ್ಕೊದವರು ಬಂದರೆ ಅದು ಅರಬ್ ಸುಲ್ತಾನನ ಅಡುಗೆಯವನ ಕೈಚಳಕ. ಯೆಹೂದಿಗಳು ಬಂದರೆ ಇದೇ ಬೀದಿಯ ಯೆಹೂದಿ ಅಜ್ಜಿಯೊಬ್ಬಳದ್ದು. ಪಾದ್ರಿ ಬಂದರೆ ಬರಗಾಲದಲ್ಲಿ ಗೋಧಿ ಸಿಗದೆ ಸನ್ಯಾಸಿನಿಯರು ಕಂಡುಹಿಡಿದದ್ದು. ಮೂರು ಕಥೆಯಲ್ಲೂ ಬಾದಾಮಿ ಮೂಟೆ ಹೊತ್ತು ತಂದವನು ನಮ್ಮ ವಂಶದವನೇ.

ರೆಮೆದಿಯೊಸ್ ಈ ಪುಸ್ತಕ ಕೊಟ್ಟು, “ಕೊಚ್ಕೋಬೇಕು ಅನ್ನಿಸ್ದಾಗ ಇದ್ರಲ್ಲಿ ಕೊಚ್ಕೋ ಮಾಮ. ಕಾಗದಕ್ಕೆ ಕಿವಿ ಇಲ್ಲ, ಅದರ ಪುಣ್ಯ” ಅಂದಳು.

ನವೆಂಬರ್ ೬, ಗುರುವಾರ

ದಿನಾ ಬೆಳಿಗ್ಗೆ ಮೇಲಿನ ಓಣಿಯ ಕನ್ಯಾಮಠದಿಂದ ಮಾಸಪಾನ್ ತಟ್ಟೆ ತರುವುದೂ ನನ್ನ ಪಾಲಿನದೇ. ಅಲ್ಲಿನವರು ಹೊರಗಿನವರಿಗೆ ಮುಖ ತೋರಿಸುವುದಿಲ್ಲ. ಗೋಡೆಯಲ್ಲಿ, ನೆಟ್ಟಗೆ ನಿಲ್ಲಿಸಿದ ಪೀಪಾಯಿಯಂಥ ಮರದ ತಿರುಗುಗೂಡು ಇದೆ. ನಾವು ಈಚೆ ನಿಂತು ದೇವಮಾತೆಯ ಹೆಸರು ಹೇಳಬೇಕು, ಆಚೆಯಿಂದ ಮರುನುಡಿ ಬರುತ್ತದೆ, ಗೂಡು ಕಿರುಗುಟ್ಟಿಕೊಂಡು ತಿರುಗುತ್ತದೆ, ತಟ್ಟೆ ನಮ್ಮ ಕಡೆಗೆ ಬಂದು ನಿಲ್ಲುತ್ತದೆ. ಆಚೆ ಕೂರುವವರು ಸಿಸ್ಟರ್ ಅಸುನ್ಸಿಯೋನ್. ಎಷ್ಟೋ ವರ್ಷದಿಂದ ದನಿ ಗೊತ್ತು, ಮುಖ ಗೊತ್ತಿಲ್ಲ. ದಿನಕ್ಕೊಂದು ಹೊಸ ಸುಳ್ಳನ್ನು ಗೂಡಿನೊಳಕ್ಕೆ ಇಟ್ಟು ತಟ್ಟೆ ಎತ್ತಿಕೊಂಡು ಬರುವುದು ನನ್ನ ವಾಡಿಕೆ.

ಇವತ್ತು ಮರವನ್ನು ಬಡಿದೆ. ಆಚೆ ಸದ್ದಿಲ್ಲ. ‘ನಾನು ಇಲಾರಿಯೊ, ಗಂಟಲು ಕೊಯ್ಸಿಕೊಂಡಿದ್ದೇನೆ’ ಎಂದು ಚೀಟಿ ಬರೆದು ಗೂಡಿನಲ್ಲಿಟ್ಟು ತಿರುಗಿಸಿದೆ. ತನ್ನ ಕಣ್ಣಿಗೆ ಬೆಳಕು ನೆರಳು ಬಿಟ್ಟು ಬೇರೇನೂ ಕಾಣದು, ಹಿರಿಯ ತಾಯಿಯಿಂದ ಓದಿಸುತ್ತೇನೆ, ತಾಳಪ್ಪ ಎಂದರು ಸಿಸ್ಟರ್. ನಾನು ಗಬಕ್ಕನೆ ಗೂಡು ತಿರುಗಿಸಿ ಚೀಟಿ ಕಿತ್ತುಕೊಂಡೆ. ಮಠದ ಹಿರಿಯ ತಾಯಿ ನಕ್ಕದ್ದನ್ನು ಕಂಡವರಿಲ್ಲ. ಅಂಥವರ ಬಾಯಲ್ಲಿ ‘ಪಾಪ, ಇಲಾರಿಯೊ’ ಅನ್ನಿಸಿಕೊಳ್ಳಬೇಕೆ?

ಸಿಸ್ಟರ್ ತಮ್ಮಷ್ಟಕ್ಕೆ ತಾವೇ ತೀರ್ಮಾನಕ್ಕೆ ಬಂದರು. ರೆಮೆದಿಯೊಸ್ ಹೊಸ ಆಳನ್ನು ಇಟ್ಟುಕೊಂಡಿದ್ದಾಳೆ ಎಂದು.

“ಮಾತು ಬರಲ್ವಾ ಮಗಾ? ಹೌದಾದ್ರೆ ಒಂದ್ಸಲ ಬಡಿ, ಅಲ್ಲಾದ್ರೆ ಎರಡು.”

ಒಂದು ಸಲ ಬಡಿದೆ. ಸುಳ್ಳೇನಲ್ಲವಲ್ಲ.

ನವೆಂಬರ್ ೮, ಶನಿವಾರ

ಮಾತಾಡದವನ ಮುಂದೆ ಜನ ಎಷ್ಟು ಮಾತಾಡುತ್ತಾರೆ! ಇಷ್ಟು ವರ್ಷ ಸಿಸ್ಟರ್ ಅಸುನ್ಸಿಯೋನ್ ನನ್ನ ಹತ್ತಿರ ಆಡಿದ ಮಾತೆಲ್ಲ ಸೇರಿಸಿದರೂ ಒಂದು ಪುಟ ಆಗದು. ಈ ಮೂಗ ಆಳಿನ ಹತ್ತಿರ ಮೂರು ದಿನದಲ್ಲಿ ಒಂದು ಪುರಾಣವನ್ನೇ ಹೇಳಿದ್ದಾರೆ. ಮಠದಲ್ಲಿ ಉಳಿದಿರುವುದು ಐದೇ ಜನ. ಮಾಡು ಸೋರುತ್ತದೆ. ಡಿಸೆಂಬರ್ ಹುಟ್ಟಿದೊಡನೆ ಬಾಗಿಲು ಹಾಕಿ ಎಲ್ಲರನ್ನೂ ಬುರ್ಗೊಸ್ ಕಡೆಯ ಮಠಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಮಾಸಪಾನ್ ಮಾಡುವುದಿಲ್ಲ, ಬಟ್ಟೆ ಹೊಲಿಯುತ್ತಾರೆ. ಕಣ್ಣಿಲ್ಲದ ತಾನು ಅಲ್ಲಿ ಯಾವ ಕೆಲಸಕ್ಕೆ?

ಆಮೇಲೆ ನನ್ನ ಸುದ್ದಿ ಬಂತು. ನಿನಗಿಂತ ಮುಂಚೆ ಒಬ್ಬ ಬರುತ್ತಿದ್ದ ಎಂದು ಶುರು ಮಾಡಿದರು. ಕಿವಿಯನ್ನು ಮರಕ್ಕೆ ಒತ್ತಿ ನಿಂತೆ. ದಿನಾ ಒಂದು ಸುಳ್ಳು ತರುತ್ತಿದ್ದನಂತೆ. ಸಂಜೆ ಮಾತಾಡಲು ಅಪ್ಪಣೆಯಿರುವ ಹೊತ್ತಿನಲ್ಲಿ ಇವರು ಅದನ್ನು ಉಳಿದವರಿಗೆ ಬಡಿಸುತ್ತಿದ್ದರಂತೆ. ಹಾಸಿಗೆ ಹಿಡಿದಿದ್ದ ಒಬ್ಬ ಮುದುಕಿ ಸಿಸ್ಟರ್ ಸಾಯುವ ಮುಂಚಿನ ದಿನ ‘ಇಲಾರಿಯೊ ಇವತ್ತು ಏನಂದ?’ ಎಂದು ಕೇಳಿದ್ದರಂತೆ.

ಮನೆಗೆ ಬರುವಾಗ ಓಣಿ ನನಗೆ ಇಕ್ಕಟ್ಟಾಯಿತು. ಅಷ್ಟು ಉಬ್ಬಿದ್ದೆ.

ನವೆಂಬರ್ ೧೧, ಮಂಗಳವಾರ

ನವೆಂಬರ್ ಸತ್ತವರ ತಿಂಗಳು. ಮಠದವರು ದಿನಾ ತಮಗೆ ಗೊತ್ತಿದ್ದ ಸತ್ತವರ ಹೆಸರು ಹೇಳಿ, ಪಾಪ ಸುಡುವ ಬೆಂಕಿಯಿಂದ ಅವರು ಬೇಗ ಮೇಲೇರಲಿ ಎಂದು ಬೇಡುತ್ತಾರೆ. ಇವತ್ತು ಸಿಸ್ಟರ್ ತಟ್ಟೆಯನ್ನು ಆಚೆಯೇ ಹಿಡಿದುಕೊಂಡರು. ಕೊನೆಗೆ ಕೇಳಿದರು:

“ಆ ಇಲಾರಿಯೊ ಬರೋದೇ ನಿಂತೋಯ್ತು. ಹೇಳದೆ ಕೇಳದೆ ಹೋಗೋ ಆಸಾಮಿ ಅಲ್ಲ. ಸತ್ತುಹೋದ್ನೇನು ಮಗಾ?”

ಎರಡು ಸಲ ಬಡಿಯಬೇಕಿತ್ತು. ಕೈಯೂ ಎತ್ತಿದ್ದೆ. ಆದರೆ ಸತ್ತ ಮೇಲೆ ತನ್ನ ಬಗ್ಗೆ ಏನನ್ನುತ್ತಾರೆ ಎಂದು ಕೇಳುವ ಭಾಗ್ಯ ರಾಜರಿಗೂ ಸಿಕ್ಕಿಲ್ಲ. ಒಂದೇ ಸಲ ಬಡಿದೆ.

ಆಮೇಲೆ ಗೂಡು ತಿರುಗಿತು. ತಟ್ಟೆಯ ಪಕ್ಕದಲ್ಲಿ ಬೇರೆಯಾಗಿ ಎರಡು ತುಂಡು. “ಅವನ ಹೆಸರಲ್ಲಿ ತಿನ್ನು” ಅಂದರು, ಅಷ್ಟೇ.

ನನ್ನ ತಿಥಿಯ ಊಟ ನಾನೇ ಉಂಡೆ. ಇಡೀ ಸ್ಪೇನಿನಲ್ಲಿ ಇಂಥವನು ಇನ್ನೊಬ್ಬನಿಲ್ಲ ಎಂದು ನಗುತ್ತ ಇಳಿದು ಬಂದೆ. ಎರಡನೆಯ ತುಂಡು ಯಾಕೋ ಗಂಟಲಲ್ಲಿ ಇಳಿಯಲಿಲ್ಲ. ಗಾಯ ಇನ್ನೂ ಹಸಿಯಿರಬೇಕು.

ನವೆಂಬರ್ ೧೪, ಶುಕ್ರವಾರ

ಸಿಕ್ಕಿಬಿದ್ದೆ. ಹಿರಿಯ ತಾಯಿ ಅಂಗಡಿಗೆ ಫೋನು ಮಾಡಿ, ನಿಮ್ಮ ಮಾವ ತೀರಿಕೊಂಡ ಸುದ್ದಿ ತಿಳಿಯಿತು, ಮಂಗಳವಾರ ಅವರ ಆತ್ಮಕ್ಕಾಗಿ ಬಲಿಪೂಜೆ ಇಟ್ಟುಕೊಂಡಿದ್ದೇವೆ ಎಂದರಂತೆ. ರೆಮೆದಿಯೊಸ್‌ಗೆ ಬಾಯಿಗೆ ಬಂದದ್ದು ‘ತುಂಬ ಉಪಕಾರವಾಯ್ತು ತಾಯಿ’ ಎಂಬ ಒಂದೇ ಮಾತು. ಫೋನಿಟ್ಟು ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. ಗಿರಾಕಿಗಳ ಮುಂದೆ, ಹಂದಿಮಾಂಸದ ಗೊಜ್ಜು ತೊಟ್ಟಿಕ್ಕುವ ಸೌಟಿನ ಕೆಳಗೆ, ನಾನು ತಲೆ ತಗ್ಗಿಸಿ ನಿಂತೆ. ಎದುರಾಡಲು ಬಾಯಿಯೂ ಇಲ್ಲ.

ನೀನೇ ಹೇಳಿಬಿಡು ಎಂದು ಚೀಟಿ ಬರೆದೆ.

“ನಾನ್ಯಾಕೆ ಹೇಳ್ಲಿ? ನೀನೇ ಸತ್ತಿದ್ದೀಯ, ನೀನೇ ಎದ್ದು ಬಾ ಮಾಮ. ಅವರು ಹೊರಡೋದ್ರೊಳಗೆ ಎದ್ದು ಬಾ. ಇಲ್ದಿದ್ರೆ ಆ ಮುದುಕಿ ಬದುಕಿರೋ ತನಕ ನಿನಗೋಸ್ಕರ ಬುರ್ಗೊಸ್ ಚಳೀಲಿ ಮಂಡಿಯೂರ್ತಾರೆ.”

ಸೌಟಿನ ಪೆಟ್ಟು ಬಿದ್ದಿದ್ದರೆ ಇದಕ್ಕಿಂತ ವಾಸಿಯಿತ್ತು.

ನವೆಂಬರ್ ೧೮, ಮಂಗಳವಾರ

ನನ್ನ ಪೂಜೆಗೆ ಹೋಗಿದ್ದೆ. ನಗು ಬಂದರೆ ಕಾಣದಿರಲಿ ಎಂದು ಹಿಂದಿನ ಬೆಂಚಿನಲ್ಲಿ ಕೂತೆ. ಪಾದ್ರಿ ನನ್ನ ಹೆಸರು ಎತ್ತಿದರು. ಕಬ್ಬಿಣದ ಜಾಲರಿಯ ಆಚೆ ಕತ್ತಲಲ್ಲಿ ಐದು ದನಿ ಹಾಡಿದವು. ನಾಲ್ಕು ಮುಂದೆ ಹೋದವು. ಒಂದು, ತೀರ ಹಳೆಯದು, ನಡುವೆ ತಡೆದು ನಿಂತು, ಆಮೇಲೆ ಒಂಟಿಯಾಗಿ ಹಾಡಿ ಉಳಿದವನ್ನು ಕೂಡಿಕೊಂಡಿತು. ಧೂಪದ ಹೊಗೆಗೆ ಕೆಮ್ಮು ಒತ್ತಿಕೊಂಡು ಬಂತು. ಬಾಯಿಗೆ ಕೈ ಹಿಡಿದು ಕೆಮ್ಮುತ್ತ ಹೊರಗೆ ಬಂದೆ.

ನಗು ಬರಲಿಲ್ಲ.

ನವೆಂಬರ್ ೨೦, ಗುರುವಾರ

ಮಂಜು. ತಾಹೊ ನದಿಯಿಂದ ಎದ್ದು, ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಮಧ್ಯಾಹ್ನಕ್ಕೆ ಊರನ್ನೆಲ್ಲ ನುಂಗಿತು. ಎದುರು ಮನೆಯೂ ಇಲ್ಲ. ಒಬ್ಬ ಗಿರಾಕಿಯೂ ಇಲ್ಲ.

ನಮ್ಮ ಅಂಗಡಿಯ ನೆಲಮಾಳಿಗೆಯಲ್ಲಿ ಅರಬರ ಕಾಲದ ನೀರಿನ ತೊಟ್ಟಿಯಿದೆ. ಆಲೂಗಡ್ಡೆ ತರಲು ಇಳಿದವನು ಅಲ್ಲೇ ಮೂಟೆಯ ಮೇಲೆ ಕೂತುಬಿಟ್ಟೆ. ಎಲ್ಲಿಂದಲೋ ಒಂದು ಹನಿ ಬೀಳುತ್ತದೆ. ಬಿದ್ದ ಮೇಲೆ ಅದರ ಸದ್ದು ಕಲ್ಲಿನೊಳಗೆ ನಡೆದುಕೊಂಡು ಹೋಗುತ್ತದೆ, ಪಕ್ಕದ ಮನೆಯ ಕೆಳಗೆ, ಅದರಾಚೆಯ ಮನೆಯ ಕೆಳಗೆ. ಊರಿನ ಅಡಿಯಲ್ಲಿ ಇನ್ನೊಂದು ಊರು ಮಲಗಿಕೊಂಡು ಉಸಿರಾಡುತ್ತಿದ್ದ ಹಾಗಿತ್ತು. ಇಷ್ಟು ವರ್ಷ ಇದರ ಮೇಲೇ ನಿಂತು ಕೂಗಿದ್ದೇನೆ. ರೆಮೆದಿಯೊಸ್ ಮೂರು ಸಲ ಕರೆದ ಮೇಲೆ ಎಚ್ಚರವಾಯಿತು.

ನವೆಂಬರ್ ೨೪, ಸೋಮವಾರ

ಸಿಸ್ಟರ್‌ಗೆ ಏನಾಗಿದೆಯೋ ತಿಳಿಯದು. ಸತ್ತವನ ಬಗ್ಗೆ ಕೆಟ್ಟದ್ದಾಡಬಾರದು ಎಂದು ಇವರಿಗೇ ಗೊತ್ತಿಲ್ಲವೆ? ಆ ಇಲಾರಿಯೊ ಜಿಪುಣನಂತೆ, ಮುಖ ಸುಟ್ಟ ಬದನೆಕಾಯಿಯಂತೆ ಇತ್ತೆಂದು ಕೇಳಿದ್ದೇನೆ, ಹೌದಾ ಮಗಾ ಎಂದರು. ಎರಡು ಸಲ ಬಡಿದೆ. ಮೂಗು ಮಾತ್ರ ಸೌತೆಕಾಯಿಯ ಹಾಗಿತ್ತಂತಲ್ಲ ಎಂದರು. ಗೂಡು ಅಲುಗಾಡುವ ಹಾಗೆ ಎರಡು ಸಲ ಬಡಿದೆ. ಆಚೆ ಕೆಮ್ಮಿದರೋ ನಕ್ಕರೋ. ವಯಸ್ಸಾಯಿತು, ಪಾಪ.

ಆಮೇಲೆ ದನಿ ಬೇರೆಯಾಯಿತು. ಹತ್ತೊಂಬತ್ತರ ಹುಡುಗಿಯಾಗಿ ಅಪ್ಪನ ಜೊತೆ ಬಸ್ಸಿನಲ್ಲಿ ಬಂದರಂತೆ. ಆ ದಿನ ಇಂಥದ್ದೇ ಮಂಜು. ಬಸ್ಸಿನಿಂದ ಇಳಿದು, ಅಪ್ಪನ ಕೋಟಿನ ತುದಿ ಹಿಡಿದು, ಗೋಡೆ ಸವರಿಕೊಂಡು ಮಠದ ಬಾಗಿಲು ಮುಟ್ಟಿದರಂತೆ. ಬಾಗಿಲು ಮುಚ್ಚಿತು. ಆಮೇಲೆ ಕಂಡದ್ದು ಅಂಗಳದ ಮೇಲಿನ ಆಕಾಶ ಅಷ್ಟೇ.

“ಇಷ್ಟು ವರ್ಷ ಈ ಊರಿನ ಹೊಟ್ಟೇಲಿದ್ದೀನಿ ಮಗಾ. ಮುಖ ಹೆಂಗಿದೆ ಅಂತ ನೋಡಿಲ್ಲ.”

ನದಿಯಾಚೆಯ ಕಣಿವೆ ರಸ್ತೆಯಿಂದ ಊರು ಪೂರ್ತಿ ಕಾಣುತ್ತದೆಂದು ಇಲಾರಿಯೊ ಹೇಳುತ್ತಿದ್ದನಂತೆ. ಆದರೆ ಬುರ್ಗೊಸ್ ದಾರಿ ಈ ಕಡೆಯದು, ಉತ್ತರಕ್ಕೆ. ಅಲ್ಲದೆ ಈಗ ಕಣ್ಣೂ ಇಲ್ಲ. ಯಾರಾದರೂ ಪಕ್ಕದಲ್ಲಿ ನಿಂತು ಹೇಳಿದರೆ ಸಾಕಿತ್ತು. ಹಿರಿಯ ತಾಯಿ ಮಾತಿನವರಲ್ಲ, ಡ್ರೈವರ್ ಪರಊರಿನವನು.

“ಇಲಾರಿಯೊ ಇದ್ದಿದ್ರೆ ಕೇಳ್ತಿದ್ದೆ.”

ನಾನು ಎಷ್ಟು ಸಲ ಬಡಿಯಬೇಕಿತ್ತು?

ನವೆಂಬರ್ ೨೮, ಶುಕ್ರವಾರ

ನದಿ ದಾಟಿ ಕಣಿವೆ ರಸ್ತೆಗೆ ನಡೆದುಹೋಗಿದ್ದೆ. ಪ್ರವಾಸಿಗಳನ್ನು ಕರೆದುಕೊಂಡು ಎಷ್ಟೋ ಸಲ ಹೋದ ಜಾಗ. ಆವಾಗೆಲ್ಲ ಊರಿಗೆ ಬೆನ್ನು ಹಾಕಿ, ಅವರ ಮುಖ ನೋಡಿಕೊಂಡು ಮಾತಾಡುತ್ತಿದ್ದೆ.

ಇವತ್ತು ಬಂಡೆಯ ಮೇಲೆ ಕೂತು ನೋಡಿದೆ. ಮಂಜು ಊರಿನ ಮೊಣಕಾಲಿನ ತನಕ ಇಳಿದಿತ್ತು. ಊರಿಗೆ ಬುಡವಿರಲಿಲ್ಲ, ಬಿಳಿಯದರ ಮೇಲೆ ಕಂದು ಬಣ್ಣದ ಊರೊಂದು ತೇಲುತ್ತಿತ್ತು. ಬಲಕ್ಕೆ ಅಲ್ಕಾಸರ್ ಕೋಟೆಯ ನಾಲ್ಕು ಮೂಲೆ. ನಡುವೆ ದೊಡ್ಡ ಇಗರ್ಜಿಯ ಗೋಪುರ, ಮೊನಚಾಗಿ. ಎಡಕ್ಕೆ ಇಳಿಜಾರಿನಲ್ಲಿ ಯೆಹೂದಿಗಳ ಕೇರಿ. ಅಲ್ಲೊಂದು ಇಗರ್ಜಿಯ ಗೋಪುರವನ್ನು ಯಾರೋ ಅರಬ್ ಮೇಸ್ತ್ರಿ ತನಗೆ ಗೊತ್ತಿದ್ದ ಹಾಗೆಯೇ ಕಟ್ಟಿದ್ದಾನೆ, ಮಸೀದಿಯ ಕಮಾನು ಇಟ್ಟು. ಅವನಿಗೆ ಯಾರೂ ಬೇಡ ಅನ್ನಲಿಲ್ಲವೋ, ಅಂದರೂ ಕೈ ಕೇಳಲಿಲ್ಲವೋ. ಯಾವ ಮಾಡು ಯಾರದ್ದು ಎಂದು ಇಷ್ಟು ದೂರದಿಂದ ಬೇರೆ ಮಾಡಲಾಗದು. ಒಂದು ಹೆಂಚಿನ ಮೇಲೆ ಇನ್ನೊಂದು ಒರಗಿ ನಿದ್ದೆ ಹೋಗಿವೆ.

ಮಠದ ಮಾಡು ಹುಡುಕಲು ತುಂಬ ಹೊತ್ತಾಯಿತು. ಚಿಕ್ಕದು. ಪಕ್ಕದಲ್ಲಿ ಒಂದು ಸೈಪ್ರೆಸ್ ಮರವಿದೆ. ಸಿಸ್ಟರ್ ಅಸುನ್ಸಿಯೋನ್ ಅವರಿಗೆ ಮರ ಗೊತ್ತು, ಅದು ಹೊರಗಿನಿಂದ ಎಷ್ಟು ಎತ್ತರ ಕಾಣುತ್ತದೆಂದು ಗೊತ್ತಿಲ್ಲ.

ಬರುವಾಗ ಕತ್ತಲಾಗುತ್ತಿತ್ತು. ಎಲ್ಲವನ್ನೂ ಎಡದಿಂದ ಬಲಕ್ಕೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಬಂದೆ, ಮಗ್ಗಿಯಂತೆ.

ಡಿಸೆಂಬರ್ ೧, ಸೋಮವಾರ

ಡಾಕ್ಟರಮ್ಮ ಮಾತಾಡು ಎಂದಳು, ಸ್ವಲ್ಪ, ಮೆಲ್ಲಗೆ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನನ್ನ ಹೆಸರು ಹೇಳಿಕೊಂಡೆ. ಯಾರೋ ಕಲ್ಲು ನೆಲದ ಮೇಲೆ ಕುರ್ಚಿ ಎಳೆದ ಹಾಗಾಯಿತು. ಇದು ಇನ್ನು ಹೀಗೇ ಇರಬಹುದಂತೆ.

ಕೂಡಲೇ ತಿರುಗುಗೂಡಿನ ಮುಂದೆ ಹೋಗಿ ನಿಂತೆ. ಬಾಯಿ ತೆರೆದೆ. ಇಲಾರಿಯೊ ಸತ್ತದ್ದೇ ನಿಜ, ಈ ದನಿ ಇಟ್ಟುಕೊಂಡು ಅಲ್ಲವೆಂದು ಯಾರಿಗೆ ರುಜುವಾತು ಮಾಡಲಿ ಅನ್ನಿಸಿತು. ಒಂದು ಸಲ ಬಡಿದೆ. ನಾಡಿದ್ದು ಬೆಳಿಗ್ಗೆ ಹೊರಡುತ್ತೇವೆ ಮಗಾ ಎಂದರು. ಗೂಡಿನ ಮರವನ್ನು ಆಚೆಯಿಂದ ಕೈಯಲ್ಲಿ ಸವರುತ್ತಿದ್ದರು. ಈಚೆ ಕೇಳಿಸುತ್ತಿತ್ತು.

ಅಂಗಡಿಗೆ ಬಂದು ರೆಮೆದಿಯೊಸ್‌ಗೆ ಎಲ್ಲ ಹೇಳಿದೆ, ಬಾಯಲ್ಲೇ. ಅವಳು ನನ್ನ ದನಿ ಕೇಳಿ ಮುಖ ಆಚೆ ತಿರುಗಿಸಿದಳು. ಆಮೇಲೆ ಮಠಕ್ಕೆ ಫೋನು ಮಾಡಿ, ಪರಊರಿನ ಡ್ರೈವರ್ ನಮ್ಮ ಓಣಿಗಳಲ್ಲಿ ಸಿಕ್ಕಿಕೊಳ್ಳುತ್ತಾನೆ, ದಾರಿ ತೋರಿಸಲು ನಮ್ಮ ಆಳನ್ನು ಕಳಿಸುತ್ತೇನೆ ಎಂದಳು. ಹಿರಿಯ ತಾಯಿ ಒಪ್ಪಿದರು.

ಡಿಸೆಂಬರ್ ೩, ಬುಧವಾರ

ಬಿಸಿಲು. ಎಷ್ಟು ದಿನಕ್ಕೆ!

ವ್ಯಾನು ಮಠದ ಬಾಗಿಲಿಗೆ ಹಿಂದುಹಿಂದಾಗಿ ಬಂತು. ಐದು ಜನ ಹೊರಗೆ ಬಂದರು. ಕೊನೆಯವರು ಕುಳ್ಳಗೆ, ಹಗುರವಾಗಿ, ಬಾಗಿಲ ಚೌಕಟ್ಟನ್ನು ಒಂದು ಕೈಯಲ್ಲಿ ಹಿಡಿದೇ ಇದ್ದರು. ಇವರೇ. ನಾನು ಅಂದುಕೊಂಡದ್ದಕ್ಕಿಂತ ಎಷ್ಟು ಚಿಕ್ಕವರು. ಕೈಹಿಡಿದು ಹತ್ತಿಸಿದೆ, ಬಾದಾಮಿ ಎಣ್ಣೆಯ ವಾಸನೆ.

ನಾನು ಡ್ರೈವರ್ ಪಕ್ಕ ಕೂತು ಕೈಸನ್ನೆಯಲ್ಲೇ ದಾರಿ ತೋರಿಸಿದೆ. ಎರಡನೇ ತಿರುವಿನಲ್ಲಿ ಅವನು ನನ್ನ ಕೈ ನೋಡದೆ ಗೋಡೆಯನ್ನು ನೋಡಿದ. ಕನ್ನಡಿ ಕಲ್ಲಿಗೆ ತಾಗುವುದರಲ್ಲಿತ್ತು. “ಎಡಕ್ಕೆ, ಎಡಕ್ಕೆ ತಗೋ” ಅಂದೆ. ಕುರ್ಚಿ ಎಳೆದ ಸದ್ದು.

ಊರ ಕೋಟೆಗೋಡೆಯ ಕಂಬ್ರೋನ್ ಬಾಗಿಲು ದಾಟಿದ ಮೇಲೆ ಡ್ರೈವರನ ಫೋನು ಬಲಕ್ಕೆ ಹೋಗು ಎಂದಿತು. ಆ ರಸ್ತೆ ಮುಚ್ಚಿದ್ದಾರೆ, ನದಿ ದಾಟಿ ಸುತ್ತು ಹಾಕಬೇಕು ಎಂದೆ. ಅವನು ನನ್ನನ್ನೊಮ್ಮೆ ಫೋನನ್ನೊಮ್ಮೆ ನೋಡಿ ಎಡಕ್ಕೆ ತಿರುಗಿಸಿದ. ಕಣಿವೆ ರಸ್ತೆಯಲ್ಲಿ ಏರಿ, ಊರು ಪೂರ್ತಿ ಎದುರಾಗುವ ಜಾಗದಲ್ಲಿ, ಇಂಜಿನ್ ಬಿಸಿಯಾಗಿದೆ ನಿಲ್ಲಿಸು ಎಂದೆ. ನಿಲ್ಲಿಸಿದ. ನಾನು ಇಳಿದು ಹಿಂದಿನ ಬಾಗಿಲು ಸರಿಸಿದೆ. ಬಿಸಿಲು ಸಿಸ್ಟರ್ ಅಸುನ್ಸಿಯೋನ್ ಅವರ ಮುಖಕ್ಕೆ ಬಿತ್ತು.

“ಪಾಪ ಸುಡೋ ಬೆಂಕೀಲಿ ಹೊಗೆ ಜಾಸ್ತಿನಾ ಇಲಾರಿಯೊ? ಗಂಟ್ಲು ಹಿಂಗಾಗಿದೆ.”

ಹಿರಿಯ ತಾಯಿ ಶಿಲುಬೆಯ ಗುರುತು ಹಾಕಿಕೊಂಡರು. ಯಾವಾಗಿನಿಂದ ಗೊತ್ತು ಎಂದು ಕೇಳುವುದಕ್ಕೇ ಎರಡು ಉಸಿರು ಬೇಕಾಯಿತು.

“ನಿನ್ನ ಪೂಜೆ ದಿನ ಕೆಮ್ಮಿದ್ಯಲ್ಲ. ಸತ್ತೋರು ಕೆಮ್ಮಲ್ಲ.”

“ಮತ್ತೆ ಯಾಕೆ ಸುಮ್ನಿದ್ರಿ ತಾಯಿ?”

“ನೀನು ಸುಮ್ನಿದ್ದಿದ್ದು ಅದೇ ಮೊದಲು. ಕೆಡಿಸೋಕೆ ಮನಸ್ಸು ಬರ್ಲಿಲ್ಲ. ಈಗ ಹೇಳು. ಏನೇನಿದೆ ಅಲ್ಲಿ?”

ಎಡದಿಂದ ಶುರು ಮಾಡಿದೆ. ಒಂದು ಉಸಿರಿಗೆ ನಾಲ್ಕೇ ಪದ. ನದಿ ಊರನ್ನು ತೋಳಲ್ಲಿ ಹಿಡಿದಿದೆ. ಯೆಹೂದಿಗಳ ಕೇರಿ. ಅರಬ್ ಮೇಸ್ತ್ರಿಯ ಗೋಪುರ, ಅದರ ಮೇಲೆ ಕೊಕ್ಕರೆಯ ಖಾಲಿ ಗೂಡು. ದೊಡ್ಡ ಇಗರ್ಜಿ, ನಿಮಗೆ ಗಂಟೆ ಕೇಳಿಸುವುದು ಅಲ್ಲಿಂದಲೇ. ಅದರ ಈಚೆಗೆ ನಿಮ್ಮ ಮಾಡು, ನಿಮ್ಮ ಸೈಪ್ರೆಸ್. ಅಷ್ಟೇ ಎತ್ತರವಾ ಎಂದರು. ಸುತ್ತಲಿನ ಎಲ್ಲ ಮಾಡಿಗಿಂತ ಎತ್ತರ ಎಂದೆ. ನಿಜವೇ ಅದು. ಬಲಕ್ಕೆ ಅಲ್ಕಾಸರ್. ಅದರ ಕೆಳಗೆ ಸೇತುವೆ. ಅವರು ನನ್ನ ದನಿಯ ಜೊತೆ ತಲೆ ತಿರುಗಿಸುತ್ತಿದ್ದರು, ಮೆಲ್ಲಗೆ. ಅವರ ಕಣ್ಣಲ್ಲಿ ಇಡೀ ಊರು ಚಿಕ್ಕದಾಗಿ ಬಿದ್ದಿತ್ತು. ಅವರಿಗೆ ಅದು ಬರೀ ಬೆಳಕು.

ಸೇತುವೆಯ ಹತ್ತಿರ ಗಂಟಲು ಕಚ್ಚಿಕೊಂಡಿತು. ಮುಗಿಯಿತು ಅಂದುಕೊಂಡು ನಿಲ್ಲಿಸಿದೆ.

“ಬರೀ ನಿಜಾನೇ ಹೇಳ್ತಿದ್ದೀಯಲ್ಲೋ” ಅಂದರು. “ಅಷ್ಟು ದೂರ ಹೋಗ್ತಿದ್ದೀನಿ. ಒಂದು ಸುಳ್ಳಾದ್ರೂ ಕಟ್ಟಿಕೊಡು.”

ಊರಿನ ಕಡೆ ನೋಡಿದೆ. ಬಿಸಿಲು ಬಂತೆಂದು ಮಾಳಿಗೆ ಮಾಳಿಗೆಯ ಮೇಲೂ ಹೆಂಗಸರು ಬಟ್ಟೆ ಹರವಿ ಒಳಗೆ ಹೋಗಿದ್ದರು. ಹಾಸಿಗೆ ಬಟ್ಟೆ, ಅಂಗಿ, ಮೇಜಿನ ವಸ್ತ್ರ. ನರಪಿಳ್ಳೆಯೂ ಇರಲಿಲ್ಲ.

“ಊರಿಗೆ ಊರೇ ಮಾಳಿಗೆ ಮೇಲೆ ಬಂದು ನಿಂತಿದೆ ತಾಯಿ. ಎಲ್ಲಾ ಬಿಳಿ ಬಟ್ಟೆ ಬೀಸ್ತಿದ್ದಾರೆ. ನಿಮಗೇ.”

ಸಿಸ್ಟರ್ ಆ ದಿಕ್ಕಿಗೆ ಕಿವಿ ಕೊಟ್ಟರು. ಆಮೇಲೆ ನಿಲುವಂಗಿಯ ತೋಳು ಸರಿಸಿ, ಕೈ ಎತ್ತಿ, ಊರಿನ ಕಡೆಗೆ ಬೀಸಿದರು. ಹಿರಿಯ ತಾಯಿ ಒಣಗುತ್ತಿದ್ದ ಬಟ್ಟೆಗಳನ್ನು ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆಂದು ಕಾದೆ. ಅವರೂ ಕೈ ಎತ್ತಿದರು.